ಬ್ಯಾಸ್ಕೆಟ್‌ಬಾಲಿನ ಮೂಲಪುರುಷ ಡಾ. ಜೇಮ್ಸ್ ನೈಸ್ಮಿತ್

ಕೊಚ್ಚಿಯ ಕಡವಂತ್ರದ ರಾಜೀವ್ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಾಗಲಿ, ತಿರುವನಂತಪುರದ ಜಿಮ್ಮಿ ಜಾರ್ಜ್ ಕ್ರೀಡಾಂಗಣದಲ್ಲಾಗಲಿ ಬ್ಯಾಸ್ಕೆಟ್‌ಬಾಲ್ ಪಂದ್ಯವನ್ನು ನೋಡಿದ ನಮ್ಮ ಓದುಗರು ಒಂದು ಸಂಗತಿಯನ್ನು ಗಮನಿಸಿರಬಹುದು. ಅಂಗಣದ ಅಂಚಿನ ಬೆಂಚಿನ ಮೇಲೆ ತಂಡದ ತರಬೇತುದಾರರ ಮಗ್ಗುಲಲ್ಲಿ ಇನ್ನೊಬ್ಬರು ಕುಳಿತಿರುತ್ತಾರೆ. ಯಾವ ಹುಡುಗ ದಣಿದಿದ್ದಾನೆ, ಎದುರು ಪಕ್ಷದವರು ಯಾವ ಮಗ್ಗುಲಿನಿಂದ ನುಗ್ಗುತ್ತಿದ್ದಾರೆ ಎಂಬುದನ್ನೆಲ್ಲ ಕಾಗದದ ಮೇಲೆ ಗುರುತುಹಾಕಿಕೊಳ್ಳುತ್ತಿರುತ್ತಾರೆ. ಗೆದ್ದರೆ ಹಾರ ಮುಖ್ಯರ ಕೊರಳಿಗೆ. ಸೋತರೆ ಬೈಗುಳದಲ್ಲಿ ಮಾತ್ರ ಇವರಿಗೂ ಪಾಲು. ಇವರೇ ಸಹಾಯಕ ತರಬೇತುದಾರರು. ಭಟ್ಟರ ಕೈಕೆಳಗೆ ರುಬ್ಬಿ, ಹೆಚ್ಚಿ, ಒಲೆ ಕಾದು, ಕಡೆಗೆ ಸಾಂಬಾರಿನ ಹೆಸರು ಭಟ್ಟರಿಗೇ ಸಲ್ಲುವುದನ್ನು ಕಂಡವರಿಗೂ, ಕಡತವನ್ನೆಲ್ಲ ತಾವೇ ಸಿದ್ಧಪಡಿಸಿ ಮೇಲಧಿಕಾರಿಯ ರುಜುವಿಗೆ ಇಟ್ಟವರಿಗೂ ಈ ಹುದ್ದೆಯ ಸ್ವರೂಪವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇಂದು ಅಮೆರಿಕದ ಕಾಲೇಜುಗಳಲ್ಲಿ ಮುಖ್ಯ ತರಬೇತುದಾರನಾಗಬಯಸುವವನು ಬಹುಮಟ್ಟಿಗೆ ಈ ಬೆಂಚಿನ ಮೇಲೆ ವರ್ಷಗಟ್ಟಲೆ ಕುಳಿತೇ ಮೇಲೇರಬೇಕು. ಈ ಏಣಿಯನ್ನು ಕಟ್ಟಿದವರು ಯಾರು ಎಂದು ಹುಡುಕುತ್ತ ಹೋದರೆ ಒಂದು ವಿಚಿತ್ರವಾದ ಸತ್ಯ ಗೋಚರಿಸುತ್ತದೆ. ಆಟವನ್ನು ಸೃಷ್ಟಿಸಿದ ಮಹನೀಯರಿಗೆ ಇಂಥ ಹುದ್ದೆಯೊಂದು ಬೇಕೆಂಬುದರಲ್ಲಿಯೇ ನಂಬಿಕೆಯಿರಲಿಲ್ಲ. ಆದರೂ ಆ ಏಣಿಯ ಮೆಟ್ಟಿಲುಗಳೆಲ್ಲ ಅವರ ಶಿಷ್ಯರಿಂದಲೇ, ಅವರ ಶಾಲೆಯ ಅಂಗಳದಲ್ಲಿಯೇ ನಿರ್ಮಿತವಾದವು. ಅವರೇ ಡಾ. ಜೇಮ್ಸ್ ನೈಸ್ಮಿತ್.

ನೈಸ್ಮಿತರು ೧೮೬೧ನೆಯ ಇಸವಿ ನವೆಂಬರ್ ೬ರಂದು ಕೆನಡಾ ದೇಶದ ಆಲ್ಮಾಂಟ್ ಎಂಬ ಊರಿನ ಬಳಿ ಜನಿಸಿದರು. ತಂದೆತಾಯಿಗಳು ಸ್ಕಾಟ್ಲೆಂಡಿನಿಂದ ವಲಸೆ ಬಂದವರು. ಬಾಲಕನಿಗೆ ಒಂಬತ್ತು ವರ್ಷ ತುಂಬುವಷ್ಟರಲ್ಲಿ, ೧೮೭೦ರಲ್ಲಿ, ವಿಷಮಶೀತಜ್ವರವು ತಂದೆಯನ್ನೂ ತಾಯಿಯನ್ನೂ ಒಟ್ಟಿಗೆ ಕೊಂಡೊಯ್ದಿತು. ಅಕ್ಕ, ತಮ್ಮ ಮತ್ತು ಈತ, ಮೂವರೂ ಅಜ್ಜಿಯ ಆಶ್ರಯ ಸೇರಿದರು; ಅಜ್ಜಿಯೂ ತೀರಿಕೊಂಡ ಮೇಲೆ ಸೋದರಮಾವ ಪೀಟರ್ ಯಂಗ್ ಅವರ ಮನೆಯೇ ಗತಿಯಾಯಿತು. ಮಾವ ಶಿಸ್ತಿನ ಮನುಷ್ಯ. ಹೊಲದ ಕೆಲಸ, ಮರದ ಕೆಲಸ, ಕುದುರೆಯ ಕೆಲಸ ಯಾವುದರಲ್ಲಿಯೂ ರಿಯಾಯಿತಿಯಿರಲಿಲ್ಲ. ಹದಿಹರೆಯದಲ್ಲಿ ಓದು ಬಿಟ್ಟ ಹುಡುಗ ಕಾಡಿನಲ್ಲಿ ಮರ ಕಡಿಯುವ ಕೂಲಿಗೆ ಹೋದನು. ಕೆಲವು ವರ್ಷ ಕಳೆದ ಮೇಲೆ ಮನಸ್ಸು ತಿರುಗಿ, ತನಗಿಂತ ಎಷ್ಟೋ ಕಿರಿಯರಾದ ಹುಡುಗರ ನಡುವೆ ಮತ್ತೆ ಪ್ರೌಢಶಾಲೆಯ ಬೆಂಚಿನ ಮೇಲೆ ಕುಳಿತು ಓದು ಮುಗಿಸಿದನು. ಹಗಲೆಲ್ಲ ತಟ್ಟೆ ಲೋಟ ಎತ್ತಿ ರಾತ್ರಿ ಶಾಲೆಯಲ್ಲಿ ಓದಿದ ನಮ್ಮ ಕರಾವಳಿಯ ಹುಡುಗರಿಗೆ ಆ ಬೆಂಚಿನ ಸಂಕೋಚ ಎಂಥದೆಂಬುದು ಗೊತ್ತು.

ಆ ಹಳ್ಳಿಯಲ್ಲಿ ಮಕ್ಕಳು ಆಡುತ್ತಿದ್ದ ಒಂದು ಆಟವನ್ನು ಇಲ್ಲಿ ಹೇಳಲೇಬೇಕು. ದೊಡ್ಡ ಬಂಡೆಯ ಮೇಲೆ ಒಂದು ಕಲ್ಲನ್ನಿಟ್ಟು ದೂರದಿಂದ ಇನ್ನೊಂದು ಕಲ್ಲೆಸೆದು ಅದನ್ನು ಉರುಳಿಸಬೇಕು. ನಮ್ಮ ಲಗೋರಿಯ ದೂರದ ನೆಂಟನೆನ್ನಬಹುದು. ಬಿರುಸಾಗಿ ಬೀಸಿದ ಕಲ್ಲು ಗುರಿತಪ್ಪಿದರೆ ಬಹುದೂರ ಹೋಗಿ ಬೀಳುತ್ತಿತ್ತು. ಅದನ್ನು ತರಲು ಓಡಿದವನು ಸಿಕ್ಕಿಬೀಳುತ್ತಿದ್ದನು. ಮೆಲ್ಲಗೆ, ಕಮಾನಿನಂತೆ ಮೇಲಕ್ಕೆ ಎಸೆದವನೇ ಗೆಲ್ಲುತ್ತಿದ್ದನು. ಈ ಸಣ್ಣ ಅನುಭವ ಮುಂದೆ ಜಗತ್ತಿಗೆ ಉಪಯೋಗಕ್ಕೆ ಬಂದಿತು.

ಮಾಂಟ್ರಿಯಾಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ನೈಸ್ಮಿತರು ಪದವಿ ಪಡೆದು, ಪಾದ್ರಿಯಾಗುವ ಉದ್ದೇಶದಿಂದ ಧರ್ಮಶಾಸ್ತ್ರವನ್ನೂ ಓದತೊಡಗಿದರು. ಗಟ್ಟಿಮುಟ್ಟಾದ ಮೈಯವರಾದುದರಿಂದ ವ್ಯಾಯಾಮಶಾಲೆಯೂ ಫುಟ್‌ಬಾಲ್ ಬಯಲೂ ಅವರನ್ನು ಸೆಳೆದುಕೊಂಡವು. ಅಲ್ಲಿಯ ವ್ಯಾಯಾಮ ಶಿಕ್ಷಕರಾಗಿದ್ದ ಫ್ರೆಡರಿಕ್ ಬಾರ್ನ್‌ಜಮ್ ಅವರ ಕೈಕೆಳಗೆ ಪಳಗಿದ ಇವರು, ಗುರುಗಳು ೧೮೮೯ರಲ್ಲಿ ತೀರಿಕೊಂಡಾಗ ಅವರ ಜಾಗದಲ್ಲಿ ನಿಂತು ಪಾಠ ಹೇಳಿದರು. ಧರ್ಮಶಾಸ್ತ್ರದ ಸಹಪಾಠಿಗಳಿಗೆ ಇದು ಸರಿಬರಲಿಲ್ಲ. ಆಟವೆಂಬುದು ಸೈತಾನನ ಸಾಧನವೆಂದು ಅವರ ಭಾವನೆ. ಒಂದು ಶನಿವಾರ ಆಟದಲ್ಲಿ ಪೆಟ್ಟು ತಿಂದು, ಮರುದಿನ ಕಪ್ಪಾದ ಕಣ್ಣುಗಳೊಡನೆಯೇ ನೈಸ್ಮಿತರು ಪ್ರಾರ್ಥನಾಮಂದಿರದ ವೇದಿಕೆಯೇರಿದುದೂ ಉಂಟು. ಒಳ್ಳೆಯ ನಡತೆಯನ್ನು ಉಪದೇಶದಿಂದ ಕಲಿಸಬಹುದಾದರೆ ಆಟದಿಂದಲೂ ಕಲಿಸಬಹುದು ಎಂಬ ವಿಚಾರ ಅವರಲ್ಲಿ ಬೇರೂರಿತು. ಪಾದ್ರಿಯ ಹುದ್ದೆಯನ್ನು ಕೈಬಿಟ್ಟು, ೧೮೯೦ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿದ್ದ ವೈ.ಎಂ.ಸಿ.ಎ. ಶಿಕ್ಷಕರ ಶಾಲೆಯನ್ನು ಸೇರಿದರು. ಮರುವರ್ಷವೇ ಅಲ್ಲಿ ಅಧ್ಯಾಪಕರೂ ಆದರು.

೧೮೯೧ರ ಚಳಿಗಾಲ. ಹೊರಗೆ ಹಿಮ; ಬಯಲಿನ ಆಟಗಳೆಲ್ಲ ನಿಂತಿದ್ದವು. ಮುಂದೆ ವೈ.ಎಂ.ಸಿ.ಎ. ಕಚೇರಿಗಳಲ್ಲಿ ಕಾರ್ಯದರ್ಶಿಗಳಾಗಬೇಕಾಗಿದ್ದ ಹದಿನೆಂಟು ಮಂದಿಯ ಒಂದು ತರಗತಿ ಅಲ್ಲಿತ್ತು. ಪ್ರಾಯಕ್ಕೆ ಬಂದವರು, ಒಳಾಂಗಣದ ಕವಾಯತು, ಸಾಮುಗಳೆಂದರೆ ಅವರಿಗೆ ತಾತ್ಸಾರ. ಇಬ್ಬರು ಅಧ್ಯಾಪಕರು ಈ ತರಗತಿಯನ್ನು ಹಿಡಿಯಲಾರದೆ ಬಿಟ್ಟಿದ್ದರು. ವಿಭಾಗದ ಮುಖ್ಯಸ್ಥರಾದ ಡಾ. ಲೂಥರ್ ಗುಲಿಕ್ ಅದನ್ನು ನೈಸ್ಮಿತರ ತಲೆಗೆ ಕಟ್ಟಿ, ಹದಿನಾಲ್ಕು ದಿವಸಗಳೊಳಗೆ ಒಳಾಂಗಣಕ್ಕೆ ಹೊಂದುವ ಹೊಸ ಆಟವೊಂದನ್ನು ಸಿದ್ಧಪಡಿಸಬೇಕೆಂದು ವಿಧಿಸಿದರು. ಹಳಬರು ಬಿಟ್ಟ ಕಷ್ಟದ ಕೆಲಸ ಹೊಸಬನ ಪಾಲಿಗೆ ಬರುವುದು ಎಲ್ಲ ದೇಶಗಳ ಸಂಪ್ರದಾಯವೆಂದು ತೋರುತ್ತದೆ.

ನೈಸ್ಮಿತರು ಮೊದಲು ಇದ್ದ ಆಟಗಳನ್ನೇ ಒಳಕ್ಕೆ ತಂದು ನೋಡಿದರು. ಫುಟ್‌ಬಾಲ್ ಆಡಿಸಿದರೆ ಕಿಟಕಿಯ ಗಾಜು ಒಡೆಯಿತು. ಲಕ್ರಾಸ್ ಎಂಬ ಬಲೆಕೋಲಿನ ಆಟ ಆಡಿಸಿದರೆ ಕೈಕಾಲು ಮುರಿಯುವಂತಾಯಿತು. ದಿವಸಗಳು ಮುಗಿಯುತ್ತ ಬಂದವು. ಆಗ ಅವರು ಒಂದೊಂದಾಗಿ ಕಾರಣಗಳನ್ನು ಬಿಡಿಸಿ ನೋಡಿದರು. ಆಟಗಾರನು ಚೆಂಡು ಹಿಡಿದು ಓಡುವುದರಿಂದಲೇ ಇತರರು ಅವನನ್ನು ಕೆಡವುತ್ತಾರೆ. ಆದುದರಿಂದ ಚೆಂಡು ಹಿಡಿದವನು ಓಡಬಾರದು, ಇನ್ನೊಬ್ಬನಿಗೆ ಎಸೆಯಬೇಕು. ಗುರಿ ನೆಲಮಟ್ಟದಲ್ಲಿ ಎದುರಾಗಿರುವುದರಿಂದಲೇ ಚೆಂಡನ್ನು ಬಿರುಸಾಗಿ ಹೊಡೆಯುತ್ತಾರೆ. ಆದುದರಿಂದ ಗುರಿ ತಲೆಗಿಂತ ಮೇಲಿರಬೇಕು, ಅದರ ಬಾಯಿ ಆಕಾಶಕ್ಕೆ ತೆರೆದಿರಬೇಕು. ಹಳ್ಳಿಯ ಬಂಡೆಯ ಮೇಲಿನ ಆ ಕಲ್ಲು ಈಗ ನೆನಪಿಗೆ ಬಂದಿತು. ಮೆಲ್ಲಗೆ ಕಮಾನಿನಂತೆ ಎಸೆದವನೇ ಗೆಲ್ಲಬೇಕು.

ಡಿಸೆಂಬರ್ ೨೧ರ ದಿವಸ ಅವರು ಶಾಲೆಯ ಜವಾನ ಸ್ಟೆಬಿನ್ಸ್ ಎಂಬಾತನನ್ನು ಕಂಡು ಎರಡು ಚೌಕಾಕಾರದ ಪೆಟ್ಟಿಗೆಗಳನ್ನು ಕೇಳಿದರು. ಪೆಟ್ಟಿಗೆಯಿರಲಿಲ್ಲ, ಉಗ್ರಾಣದಲ್ಲಿ ಪೀಚ್ ಹಣ್ಣು ತುಂಬಿ ತಂದಿದ್ದ ಎರಡು ಬುಟ್ಟಿಗಳಿದ್ದವು. ಅವನ್ನೇ ಮೇಲಂತಸ್ತಿನ ಮೊಗಸಾಲೆಯ ಕಟಾಂಜನಕ್ಕೆ ಮೊಳೆಹೊಡೆದು ಬಿಗಿದರು. ಆ ಕಟಾಂಜನ ನೆಲದಿಂದ ಹತ್ತು ಅಡಿ ಎತ್ತರದಲ್ಲಿತ್ತು. ಅದೇ ಅಳತೆ ಇಂದಿಗೂ ಲೋಕಾದ್ಯಂತ ನಿಂತಿದೆ. ಕಡವಂತ್ರದ ಬಳೆಯೂ ಹತ್ತೇ ಅಡಿ. ಸ್ಟೆಬಿನ್ಸ್‌ನ ಬಳಿ ಪೆಟ್ಟಿಗೆಗಳೇ ಇದ್ದಿದ್ದರೆ ಆಟದ ಹೆಸರು ಏನಾಗುತ್ತಿತ್ತೋ! ಹದಿಮೂರು ನಿಯಮಗಳನ್ನು ನೈಸ್ಮಿತರು ಬರೆದುಕೊಟ್ಟರು. ಕಚೇರಿಯ ಬೆರಳಚ್ಚುಗಾರ್ತಿ ಅವನ್ನು ಎರಡು ಹಾಳೆಗಳಲ್ಲಿ ಟೈಪು ಮಾಡಿದಳು. ಹಾಳೆಗಳನ್ನು ಪ್ರಕಟಣಾ ಫಲಕಕ್ಕೆ ಅಂಟಿಸಿದರು. ಒಬ್ಬ ಜವಾನ, ಒಬ್ಬ ಗುಮಾಸ್ತೆ, ಒಬ್ಬ ಕಿರಿಯ ಉಪಾಧ್ಯಾಯ, ಈ ಮೂವರ ಕೈಗಳು ಕೂಡಿ ಆಟ ಹುಟ್ಟಿತೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಪಕ್ಷಕ್ಕೆ ಒಂಬತ್ತು ಮಂದಿಯಂತೆ ಆಡಿದರು. ಚೆಂಡು ಫುಟ್‌ಬಾಲಿನದು. ಬುಟ್ಟಿಗೆ ತಳವಿದ್ದುದರಿಂದ ಚೆಂಡು ಬಿದ್ದರೆ ಯಾರಾದರೂ ಹತ್ತಿ ತೆಗೆಯಬೇಕಾಗಿತ್ತು. ಆದರೆ ಆ ಶ್ರಮ ಒಂದೇ ಸಲ ಬಂದಿತು. ಏಕೆಂದರೆ ವಿಲಿಯಂ ಚೇಸ್ ಎಂಬ ವಿದ್ಯಾರ್ಥಿ ಸುಮಾರು ೨೫ ಅಡಿ ದೂರದಿಂದ ಎಸೆದುದೊಂದು ಬಿಟ್ಟರೆ ಬೇರೆ ಯಾವುದೂ ಬುಟ್ಟಿಗೆ ಬೀಳಲಿಲ್ಲ. ಆದರೂ ತರಗತಿ ಒಲಿಯಿತು. ಫ್ರ್ಯಾಂಕ್ ಮಹಾನ್ ಎಂಬ ವಿದ್ಯಾರ್ಥಿ ಆಟಕ್ಕೆ ಗುರುಗಳ ಹೆಸರನ್ನೇ ಇಡಬೇಕೆಂದಾಗ ನೈಸ್ಮಿತರು ನಕ್ಕು, ಆ ಹೆಸರಿಟ್ಟರೆ ಯಾವ ಆಟವೂ ಉಳಿಯಲಾರದೆಂದು ತಳ್ಳಿಹಾಕಿದರು. ಬುಟ್ಟಿಯ ಹೆಸರೇ ನಿಂತಿತು. ಆಟದ ಹಕ್ಕನ್ನು ಅವರು ಕಾಯ್ದಿರಿಸಿಕೊಳ್ಳಲೂ ಇಲ್ಲ.

ಆ ಶಾಲೆಯಲ್ಲಿ ಕಲಿತವರು ನಾನಾ ದೇಶಗಳಿಗೆ ಹೋಗುವವರಾದುದರಿಂದ ಆಟವೂ ಅವರ ಪೆಟ್ಟಿಗೆಯಲ್ಲಿ ಹೊರಟಿತು. ೧೮೯೩ರಲ್ಲಿ ಪ್ಯಾರಿಸಿನಲ್ಲಿ ಆಡಿದರು. ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಎಂಬ ಅಧ್ಯಾಪಕಿ ಒಂದೆರಡು ವರ್ಷಗಳೊಳಗೇ ಅದನ್ನು ಹೆಣ್ಣುಮಕ್ಕಳಿಗೆ ಒಗ್ಗುವಂತೆ ಮಾಡಿದರು. ನಮ್ಮ ದಕ್ಷಿಣ ದೇಶಕ್ಕೆ ಸಂಬಂಧಪಟ್ಟ ಕೊಂಡಿಯೊಂದಿದೆ. ಅದೇ ಸ್ಪ್ರಿಂಗ್‌ಫೀಲ್ಡ್ ಶಾಲೆಯಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಎಂಬವರು ೧೯೧೯ರಲ್ಲಿ ಮದರಾಸಿಗೆ ಬಂದು, ೧೯೨೦ರಲ್ಲಿ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಕರ ಶಾಲೆಯನ್ನು ತೆರೆದರು. ೧೯೪೩ರಲ್ಲಿ ತೀರಿಕೊಳ್ಳುವವರೆಗೂ ಅದನ್ನೇ ನೋಡಿಕೊಂಡರು. ದಕ್ಷಿಣದ ಶಾಲೆ ಕಾಲೇಜುಗಳ ಡ್ರಿಲ್ ಮಾಸ್ತರರೂ ಫಿಸಿಕಲ್ ಡೈರೆಕ್ಟರುಗಳೂ ಬಹುಕಾಲ ಅಲ್ಲಿಂದಲೇ ತಯಾರಾಗಿ ಬಂದರು. ಮುಂದೆ ೧೯೬೧ರಲ್ಲಿ ಪಟಿಯಾಲದ ರಾಷ್ಟ್ರೀಯ ಕ್ರೀಡಾಸಂಸ್ಥೆ ಹುಟ್ಟಿ ತರಬೇತುದಾರರಿಗೆ ಪ್ರತ್ಯೇಕ ಡಿಪ್ಲೊಮಾ ಬಂದಿತು. ೧೯೮೫ರಲ್ಲಿ ತಿರುವನಂತಪುರದ ಕಾರ್ಯವಟ್ಟದಲ್ಲಿಯೇ ಲಕ್ಷ್ಮೀಬಾಯಿ ರಾಷ್ಟ್ರೀಯ ದೈಹಿಕ ಶಿಕ್ಷಣ ಕಾಲೇಜು ಸ್ಥಾಪಿತವಾಯಿತು. ಕೇರಳದಲ್ಲಿ ವಿದ್ಯುತ್ ಮಂಡಳಿಯಂಥ ಸಂಸ್ಥೆಗಳು ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ನೌಕರಿಯನ್ನೇ ಕೊಟ್ಟವು. ಆಟ ಅನ್ನ ಕೊಡುವ ಉದ್ಯೋಗವಾದುದು ಹೀಗೆ. ಆದರೆ ಮೂಲಪುರುಷರ ಪಾಲಿಗೆ ಅದು ಎಂದೂ ಹಾಗಾಗಲಿಲ್ಲ.

೧೮೯೪ರಲ್ಲಿ ಮಾಡ್ ಶರ್ಮನ್ ಎಂಬವರನ್ನು ಮದುವೆಯಾದ ನೈಸ್ಮಿತರು ಮರುವರ್ಷ ಡೆನ್ವರ್ ನಗರಕ್ಕೆ ಹೋಗಿ, ವೈ.ಎಂ.ಸಿ.ಎ. ಕೆಲಸ ಮಾಡುತ್ತಲೇ ವೈದ್ಯವಿದ್ಯೆ ಕಲಿತು ೧೮೯೮ರಲ್ಲಿ ಡಾಕ್ಟರರಾದರು. ಅದೇ ವರ್ಷ ಕ್ಯಾನ್ಸಾಸ್ ವಿಶ್ವವಿದ್ಯಾಲಯದಿಂದ ಕರೆ ಬಂದಿತು. ಅಲ್ಲಿಯವರಿಗೆ ಬೇಕಾಗಿದ್ದುದು ಬ್ಯಾಸ್ಕೆಟ್‌ಬಾಲ್ ತರಬೇತುದಾರನಲ್ಲ. ಪ್ರಾರ್ಥನೆ ನಡೆಸುವ, ವ್ಯಾಯಾಮ ಕಲಿಸುವ ಒಬ್ಬ ಸಜ್ಜನ. ಆಟವು ಜೊತೆಗೆ ಬಂದ ಒಗ್ಗರಣೆಯಷ್ಟೆ. ತಂಡ ಕಟ್ಟಿದರು, ೧೮೯೯ರ ಫೆಬ್ರವರಿ ೩ರಂದು ಕ್ಯಾನ್ಸಾಸ್ ಸಿಟಿಯ ವೈ.ಎಂ.ಸಿ.ಎ. ತಂಡದೊಡನೆ ಮೊದಲ ಪಂದ್ಯ ಆಡಿ ೧೬–೫ರಿಂದ ಸೋತರು. ೧೯೦೭ರವರೆಗೆ ಅವರ ಲೆಕ್ಕ ೫೫ ಗೆಲುವು, ೬೦ ಸೋಲು. ಆ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತರಬೇತುದಾರರ ಸಾಲಿನಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವುದು ಒಬ್ಬರದೇ, ಆಟವನ್ನು ಸೃಷ್ಟಿಸಿದವರದು! ಇದನ್ನು ಹೇಳಿ ನಗುವವರು ಈಗಲೂ ಇದ್ದಾರೆ. ನಗುವ ಮುನ್ನ ಒಂದನ್ನು ತಿಳಿಯಬೇಕು. ಗೆಲ್ಲಿಸುವುದು ತಮ್ಮ ಕೆಲಸವೆಂದು ನೈಸ್ಮಿತರು ಭಾವಿಸಿಯೇ ಇರಲಿಲ್ಲ. ಹುಡುಗರ ಎತ್ತರ, ತೂಕ, ಎದೆಯ ಸುತ್ತಳತೆ ತೆಗೆದು ಯಾರ ಮೈ ಎಲ್ಲಿ ಸೊರಗಿದೆ ಎಂದು ಪರೀಕ್ಷಿಸುವುದರಲ್ಲಿಯೇ ಅವರಿಗೆ ಆಸಕ್ತಿ.

ಅವರ ತಂಡದಲ್ಲಿ ಫಾರೆಸ್ಟ್ ಅಲೆನ್ ಎಂಬ ಚುರುಕು ಹುಡುಗನಿದ್ದನು. ಗಂಟಲು ದೊಡ್ಡದಾದುದರಿಂದ ಹಡಗಿನ ಮಂಜುಕಹಳೆಯ ಹೆಸರಿನಿಂದ ಫಾಗ್ ಅಲೆನ್ ಎಂದೇ ಪ್ರಸಿದ್ಧನಾದನು. ನೆರೆಯ ಬೇಕರ್ ವಿಶ್ವವಿದ್ಯಾಲಯದವರು ಆತನನ್ನು ತರಬೇತುದಾರನಾಗಿ ಕರೆದಾಗ ನೈಸ್ಮಿತರಿಗೆ ನಗು ಬಂದಿತಂತೆ. ಬ್ಯಾಸ್ಕೆಟ್‌ಬಾಲ್ ಆಡುವ ಆಟವೇ ಹೊರತು ಹೇಳಿಕೊಡುವ ಆಟವಲ್ಲವೆಂಬುದು ಅವರ ನಿಲುವು. ಶಿಷ್ಯನು ಒಪ್ಪಲಿಲ್ಲ, ಎಸೆತವನ್ನೂ, ಜಾಗ ಹಿಡಿಯುವುದನ್ನೂ ಹೇಳಿಕೊಡಬಹುದೆಂದು ವಾದಿಸಿ ಹೊರಟನು. ೧೯೦೭ರಲ್ಲಿ ಗುರುವಿನ ಜಾಗಕ್ಕೇ ಬಂದನು. ನಡುವೆ ಕೆಲವು ವರ್ಷ ಬಿಟ್ಟು, ೧೯೧೯ರಲ್ಲಿ ಇಡೀ ಕ್ರೀಡಾವಿಭಾಗದ ಮುಖ್ಯಸ್ಥನಾಗಿ ಮರಳಿ, ೧೯೫೬ರವರೆಗೆ ಅಲ್ಲಿದ್ದು ಕ್ಯಾನ್ಸಾಸಿಗೆ ೫೯೦ ಗೆಲುವುಗಳನ್ನು ಗಳಿಸಿಕೊಟ್ಟನು. ತರಬೇತುದಾರನೆಂಬ ಉದ್ಯೋಗ, ಅವನಿಗೊಬ್ಬ ಸಹಾಯಕ, ಆ ಸಹಾಯಕನಿಗೆ ಮುಂದೊಂದು ಭವಿಷ್ಯ, ಇವೆಲ್ಲಕ್ಕೂ ರೂಪ ಬಂದುದು ಅಲೆನ್‌ರ ಗರಡಿಯಲ್ಲಿ. ಅವರ ಶಿಷ್ಯ ಅಡಾಲ್ಫ್ ರಪ್ ಕೆಂಟಕಿಯಲ್ಲಿ ೮೭೬ ಪಂದ್ಯ ಗೆದ್ದರು. ಎಂಟು ವರ್ಷ ಅಲೆನ್‌ರ ಸಹಾಯಕರಾಗಿದ್ದ ಡಿಕ್ ಹಾರ್ಪ್ ೧೯೫೬ರಲ್ಲಿ ಅವರದೇ ಪೀಠವನ್ನೇರಿದರು. ಇನ್ನೊಬ್ಬ ಶಿಷ್ಯ ಡೀನ್ ಸ್ಮಿತ್ ಅವರಂತೂ ಮೆಟ್ಟಿಲನ್ನು ಒಂದೊಂದಾಗಿ ಹತ್ತಿದವರು. ಮೊದಲು ಕ್ಯಾನ್ಸಾಸಿನಲ್ಲಿಯೇ ಸಹಾಯಕ, ಅನಂತರ ವಾಯುಪಡೆಯ ಅಕಾಡೆಮಿಯಲ್ಲಿ ಸಹಾಯಕ, ೧೯೫೮ರಿಂದ ಮೂರು ವರ್ಷ ನಾರ್ತ್ ಕೆರೊಲಿನಾದಲ್ಲಿ ಸಹಾಯಕ. ೧೯೬೧ರಲ್ಲಿ ಅಲ್ಲಿಯೇ ಮುಖ್ಯರಾಗಿ ೧೯೯೭ರವರೆಗೆ ೮೭೯ ಗೆಲುವು. ಗುರುವಿನ ಗುರುವಾದ ನೈಸ್ಮಿತರ ೫೫ನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಇನ್ನೂ ಒಂದು ಸ್ವಾರಸ್ಯವಿದೆ. ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸಿಗೆ ಅಮೆರಿಕದ ತಂಡದೊಡನೆ ಹೋದಾಗ, ಅರವತ್ತು ದಾಟಿದ ಅಲೆನ್‌ರಿಗೂ ಸಿಕ್ಕಿದುದು ಸಹಾಯಕನ ಕುರ್ಚಿಯೇ.

ಇತ್ತ ನೈಸ್ಮಿತರು ಪ್ರಾಧ್ಯಾಪಕರಾಗಿ ಅದೇ ಊರಿನಲ್ಲಿ ಉಳಿದರು. ೧೯೧೬ರಲ್ಲಿ ಪಾದ್ರಿಯ ದೀಕ್ಷೆ ಪಡೆದು ಮೆಕ್ಸಿಕೋ ಗಡಿಯಲ್ಲಿ ಸೈನಿಕರೊಡನಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಸುಮಾರು ಎರಡು ವರ್ಷ ಫ್ರಾನ್ಸಿನಲ್ಲಿ ವೈ.ಎಂ.ಸಿ.ಎ. ಸೇವೆ ಮಾಡಿದರು. ಹಣದ ಲೆಕ್ಕಾಚಾರ ಅವರಿಗೆ ಒಗ್ಗಲಿಲ್ಲ. ಐದು ಮಕ್ಕಳ ಸಂಸಾರ; ಸಾಲ ತೀರದೆ ಎರಡು ಮನೆಗಳು ಕೈಬಿಟ್ಟುಹೋದವು. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರಿಗೆ ಇಂಥವರ ಮೇಲೆ ಒಂದು ಬಗೆಯ ಕೋಪ ಬರುತ್ತದೆ; ಆದರೂ ಅಂಗಡಿ ಮುಚ್ಚಿದ ಮೇಲೆ ನೆನಪಾಗುವವರು ಅವರೇ.

ಸಹಾಯಕನೆಂಬುವನ ಕಥೆಯಲ್ಲಿ ನೈಸ್ಮಿತರು ನೇರವಾಗಿ ಕೈಹಾಕಿದುದು ವೃದ್ಧಾಪ್ಯದಲ್ಲಿ. ೧೯೩೩ರಲ್ಲಿ ಜಾನ್ ಮೆಕ್‌ಲೆಂಡನ್ ಎಂಬ ನೀಗ್ರೋ ವಿದ್ಯಾರ್ಥಿ ಅವರ ಕೋಣೆಗೆ ಬಂದು, ತನ್ನ ತಂದೆ ತನಗೆ ನೈಸ್ಮಿತರೇ ಮಾರ್ಗದರ್ಶಕರೆಂದು ಹೇಳಿ ಕಳುಹಿಸಿರುವುದಾಗಿ ತಿಳಿಸಿದನು. ತಂದೆಗೂ ನೈಸ್ಮಿತರಿಗೂ ಮುಂಚಿನ ಪರಿಚಯವಿರಲಿಲ್ಲ. ಆದರೂ ಮುದುಕರು ತಂದೆಯ ಮಾತು ಸರಿಯೇ ಇರಬೇಕೆಂದು ಹುಡುಗನನ್ನು ಸ್ವೀಕರಿಸಿದರು. ವಿಶ್ವವಿದ್ಯಾಲಯದ ತಂಡದಲ್ಲಿ ಕರಿಯರಿಗೆ ಪ್ರವೇಶವಿರಲಿಲ್ಲ, ತಂಡ ಅಲೆನ್‌ರದು. ದೈಹಿಕ ಶಿಕ್ಷಣದ ಪದವಿಗೆ ಈಜು ಕಡ್ಡಾಯ. ಮೆಕ್‌ಲೆಂಡನ್ ಕೊಳಕ್ಕಿಳಿದ ಮೇಲೆ ಅದರ ನೀರನ್ನೆಲ್ಲ ಹೊರಚೆಲ್ಲಿಸಿದರು. ಮುಟ್ಟಿದರೆ ಮೈಲಿಗೆಯೆಂಬ ಈ ವಿಚಾರ ನಮಗೇನೂ ಹೊಸದಲ್ಲ. ಬೀದಿಯಲ್ಲಿ ನಡೆಯುವುದಕ್ಕೇ ಜನ ಸತ್ಯಾಗ್ರಹ ಮಾಡಬೇಕಾಗಿ ಬಂದ ವೈಕಂ ಇಲ್ಲಿಗೆ ದೂರವಿಲ್ಲ. ನೈಸ್ಮಿತರು ಶಿಷ್ಯನ ಬೆನ್ನಿಗೆ ನಿಂತರು. ಆಡಲು ಬಿಡದ ಆಟವನ್ನು ಆತ ಗುರುವಿನ ಪಾಠದಲ್ಲಿ ಕಲಿತನು. ಚೆಂಡು ಅಂಗಣದ ಯಾವ ಮೂಲೆಯಲ್ಲಿರುವುದೋ ಅಲ್ಲಿಯೇ ಎದುರಾಳಿಯನ್ನು ತಡೆಯಬೇಕೆಂಬ ವೃದ್ಧರ ಮಾತಿನಿಂದ ಇಡೀ ಅಂಗಣದ ವೇಗದ ಆಟವನ್ನೇ ಕಟ್ಟಿದನು.

೧೯೩೬ರಲ್ಲಿ ಪದವಿ ಪಡೆದ ಮೆಕ್‌ಲೆಂಡನ್ ನೈಸ್ಮಿತರ ಸಹಾಯದಿಂದಲೇ ಅಯೋವಾದಲ್ಲಿ ಎಂ.ಎ. ಮುಗಿಸಿ, ೧೯೩೭ರಲ್ಲಿ ಡರ್ಹಮ್ ನಗರದ ನೀಗ್ರೋ ಕಾಲೇಜಿಗೆ ಸಹಾಯಕ ತರಬೇತುದಾರರಾಗಿ ಹೋದರು, ೧೯೪೦ರಲ್ಲಿ ಮುಖ್ಯರಾದರು. ೧೯೪೪ರ ಮಾರ್ಚ್ ೧೨, ಭಾನುವಾರ, ಊರೆಲ್ಲ ಪ್ರಾರ್ಥನಾಮಂದಿರದಲ್ಲಿದ್ದ ಹೊತ್ತಿನಲ್ಲಿ, ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯಕಾಲೇಜಿನ ಬಿಳಿಯರ ತಂಡ ಗುಟ್ಟಾಗಿ ಇವರ ಕಾಲೇಜಿಗೆ ಬಂದಿತು. ಕರಿಯರೂ ಬಿಳಿಯರೂ ಕೂಡಿ ಆಡುವುದು ಅಲ್ಲಿ ಕಾನೂನಿಗೆ ವಿರುದ್ಧವಾಗಿದ್ದಿತು. ಬಾಗಿಲುಗಳಿಗೆ ಬೀಗ ಹಾಕಿ, ಪ್ರೇಕ್ಷಕರಿಲ್ಲದೆ ಆಡಿದರು. ಮೆಕ್‌ಲೆಂಡನ್‌ರ ಹುಡುಗರು ೮೮–೪೪ರಿಂದ ಗೆದ್ದರು. ಆಮೇಲೆ ತಂಡಗಳನ್ನು ಬೆರಸಿಕೊಂಡು ಇನ್ನೊಂದು ಆಟವಾಡಿದರಂತೆ. ಮುಂದೆ ಟೆನೆಸಿಯಲ್ಲಿ ಮೆಕ್‌ಲೆಂಡನ್ ೧೯೫೭, ೧೯೫೮, ೧೯೫೯, ಹೀಗೆ ಮೂರು ವರ್ಷ ಬಿಡದೆ ಎನ್.ಎ.ಐ.ಎ. ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಇದನ್ನು ನೋಡಲು ಗುರುಗಳು ಬದುಕಿರಲಿಲ್ಲ.

ಗುರುಗಳು ನೋಡಿದ ಒಂದು ಭಾಗ್ಯವನ್ನು ಹೇಳಬೇಕು. ೧೯೩೬ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಬ್ಯಾಸ್ಕೆಟ್‌ಬಾಲ್ ಮೊದಲ ಬಾರಿಗೆ ಸೇರಿತು. ಇದಕ್ಕಾಗಿ ಬಹಳ ದುಡಿದವರು ಅದೇ ಅಲೆನ್. ನೈಸ್ಮಿತರಿಗೆ ಅಲ್ಲಿಗೆ ಹೋಗಲು ಸ್ವಂತ ಹಣವಿರಲಿಲ್ಲ. ತರಬೇತುದಾರರ ಸಂಘದವರು ಪಂದ್ಯಗಳಲ್ಲಿ ಒಂದೊಂದು ಕಾಸಿನಂತೆ ನಿಧಿ ಕೂಡಿಸಿ ಕಳುಹಿಸಿದರು. ಆ ಹುದ್ದೆಯೇ ಬೇಡವೆಂದವರ ದಾರಿಖರ್ಚು ಆ ಹುದ್ದೆಯವರಿಂದ ಬಂದಿತು. ಎಪ್ಪತ್ತನಾಲ್ಕರ ವೃದ್ಧರು ಮೊದಲ ಪಂದ್ಯದ ಚೆಂಡನ್ನು ಮೇಲಕ್ಕೆ ಚಿಮ್ಮಿಸಿದರು. ನಾನಾ ದೇಶಗಳ ಆಟಗಾರರು ತಂತಮ್ಮ ಧ್ವಜ ಹಿಡಿದು ಅವರ ಮುಂದೆ ನಡೆದುಹೋದರು. ಅಂತಿಮ ಪಂದ್ಯ ಬಯಲಿನ ಮಣ್ಣಿನ ಅಂಗಣದಲ್ಲಿ, ಸುರಿಯುವ ಮಳೆಯಲ್ಲಿ ನಡೆಯಿತು. ಕೆಸರಿನಲ್ಲಿ ಚೆಂಡು ಪುಟಿಯಲೇ ಇಲ್ಲ. ಹುಟ್ಟಿದ ನಾಡಾದ ಕೆನಡಾವನ್ನು ನೆಲೆಸಿದ ನಾಡಾದ ಅಮೆರಿಕ ೧೯–೮ರಿಂದ ಸೋಲಿಸಿತು. ಎರಡು ತಂಡಗಳಿಗೂ ಪದಕ ಕೊಟ್ಟವರು ನೈಸ್ಮಿತರೇ. ಪರಸ್ಥಳದಲ್ಲಿ ಬದುಕು ಕಟ್ಟಿಕೊಂಡ ನಮ್ಮಂಥವರಿಗೆ ಆ ಗಳಿಗೆಯ ಸಂತೋಷವೂ ಇಕ್ಕಟ್ಟೂ ಎರಡೂ ಅರ್ಥವಾಗುತ್ತವೆ.

೧೯೩೭ರಲ್ಲಿ ಪತ್ನಿ ತೀರಿಕೊಂಡರು. ಅದೇ ವರ್ಷ ನಿವೃತ್ತಿ. ೧೯೩೯ರಲ್ಲಿ ಪುನರ್ವಿವಾಹವಾದ ಕೆಲವೇ ತಿಂಗಳಲ್ಲಿ, ನವೆಂಬರ್ ೨೮ರಂದು, ಮಿದುಳಿನ ರಕ್ತಸ್ರಾವದಿಂದ ನೈಸ್ಮಿತರು ಲಾರೆನ್ಸ್ ಊರಿನಲ್ಲಿ ನಿಧನ ಹೊಂದಿದರು. ಆಗ ಅವರಿಗೆ ಎಪ್ಪತ್ತೆಂಟು ವರ್ಷ. ಆಟದ ಹುಟ್ಟನ್ನು ಕುರಿತು ಅವರು ಬರೆದ ಪುಸ್ತಕ ೧೯೪೧ರಲ್ಲಿ ಹೊರಬಂದಿತು. ಸ್ಪ್ರಿಂಗ್‌ಫೀಲ್ಡ್‌ನಲ್ಲಿರುವ ಬ್ಯಾಸ್ಕೆಟ್‌ಬಾಲ್ ಕೀರ್ತಿಮಂದಿರಕ್ಕೆ ಅವರದೇ ಹೆಸರು. ಮೆಕ್‌ಲೆಂಡನ್‌ರನ್ನು ಆ ಮಂದಿರಕ್ಕೆ ೧೯೭೯ರಲ್ಲಿ ಆಟಕ್ಕೆ ನೆರವಾದವರೆಂದು ಸೇರಿಸಿಕೊಂಡರು. ತರಬೇತುದಾರರೆಂದು ಸೇರಿಸಿಕೊಂಡುದು ೨೦೧೬ರಲ್ಲಿ, ಅವರು ತೀರಿಕೊಂಡು ಹದಿನೇಳು ವರ್ಷಗಳಾದ ಮೇಲೆ.

ಬೆರಳಚ್ಚುಗಾರ್ತಿ ಟೈಪು ಮಾಡಿದ ಆ ಎರಡು ಹಾಳೆಗಳು ನೈಸ್ಮಿತರ ವಂಶದವರ ಬಳಿ ಉಳಿದಿದ್ದವು. ೨೦೧೦ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅವುಗಳಿಗೆ ೪೩ ಲಕ್ಷ ಡಾಲರು ಬಂದಿತು. ಕೊಂಡವರು ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿ. ಹಾಳೆಗಳನ್ನು ಅವರು ತಮ್ಮ ವಿಶ್ವವಿದ್ಯಾಲಯಕ್ಕೇ ತಂದರು. ನೈಸ್ಮಿತರು ಎರಡು ಮನೆಗಳನ್ನು ಸಾಲಕ್ಕೆ ಕಳೆದುಕೊಂಡ ಬದುಕಿನ ಕೊನೆಯ ನೆಲೆಯಾದ ಲಾರೆನ್ಸ್‌ನಲ್ಲಿ ಈಗ ಗಾಜಿನ ಹಿಂದೆ ಅವನ್ನು ಇಟ್ಟಿದ್ದಾರೆ.